ಆರು ತಿಂಗಳು ಸುಮ್ಮನಿರಬೇಕು

ಅತ್ತೆ ಹೊಲಿಗೆ ಮಿಷನ್ ರಿಪೇರಿ ಮಾಡಿದರೆ ಕೊನೆಗೆ ಒಂದು ಸ್ಕ್ರೂ ಉಳಿಯುತ್ತಿತ್ತು. ಇದು ಬೀದಿಯ ದರ್ಜಿಗಳಿಗೆಲ್ಲ ಗೊತ್ತಿದ್ದ ವಿಷಯ. ಯಾರೂ ತಕರಾರು ತೆಗೆದವರಿಲ್ಲ, ಯಾಕೆಂದರೆ ಸ್ಕ್ರೂ ಕಳೆದುಕೊಂಡ ಮಿಷನ್ನು ಮೊದಲಿಗಿಂತ ಚೆನ್ನಾಗಿ ಓಡುತ್ತಿತ್ತು. ಮೂಲೆಯಂಗಡಿಯ ಕೋಟು ದರ್ಜಿಯ ಮಿಷನ್ನಿನಿಂದ ಮೂರು ವರ್ಷದಲ್ಲಿ ಹನ್ನೊಂದು ಭಾಗ ಹೊರಬಂದಿದ್ದವು. ಅದು ಎಷ್ಟು ಹಗುರಾಗಿತ್ತೆಂದರೆ, ಒಂದು ದಿನ ಅವನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ತಾನೇ ಎರಡೂ ತೋಳು ಕೂರಿಸಿ, ಅವನ ಅಳತೆ ಟೇಪನ್ನೂ ಕಾಲರಿನೊಳಗೆ ಸೇರಿಸಿ ಹೊಲಿದು ಮುಗಿಸಿತ್ತು. ಸುಳ್ಳೆನ್ನುವವರಿಗೆ ಅವನು ಟೇಪು ತೋರಿಸುತ್ತಿದ್ದ. ಅದರಲ್ಲಿ ಸೂಜಿ ತೂತುಗಳು ನಿಜವಾಗಿಯೂ ಇದ್ದವು.

ಅತ್ತೆಯ ಪದ್ಧತಿ ಸರಳ. ಮಿಷನ್ನು ಗೊರಗೊರ ಅಂದರೆ ಒಂದು ಭಾಗ ಬಿಚ್ಚಿ ಪಕ್ಕಕ್ಕಿಡುವುದು. ಹತ್ತು ಮೊಳ ಹಳೆಬಟ್ಟೆಯ ಮೇಲೆ ಹೊಲಿಗೆ ಓಡಿಸುವುದು. ಹೊಲಿಗೆ ನೆಟ್ಟಗೆ ಬಂದರೆ ಆ ಭಾಗ ಬೇಕಾಗಿರಲಿಲ್ಲ ಎಂದರ್ಥ. ಕೆಟ್ಟರೆ ಮತ್ತೆ ಕೂರಿಸುವುದು. ಬಿಚ್ಚುವ ಕೆಲಸ ಅತ್ತೆಯದು, ಹತ್ತು ಮೊಳ ಹೊಲಿಯುವ ಕೆಲಸ ಸೊಸೆಯದು, ಮಿಷನ್ನುಗಳನ್ನು ವ್ಯಾನಿನಲ್ಲಿ ತಂದು ವಾಪಸ್ ಮುಟ್ಟಿಸುವ ಕೆಲಸ ಮಗನದು. ಮೂವರೂ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲೇ ಇದ್ದರು.

ಸೊಸೆ ಹೊಲಿಯುತ್ತಿದ್ದ ಕೋಣೆಗೆ ಕಿಟಕಿ ಇರಲಿಲ್ಲ. ಇದ್ದ ಒಂದು ಕಿಟಕಿಯನ್ನು ಗಂಡ ಹಲಗೆ ಹೊಡೆದು ಮುಚ್ಚಿದ್ದ. ಅವಳಿಗೆ ಲೂಪಸ್. ಮೈಯನ್ನು ಕಾಯಬೇಕಾದ ಕಾವಲುಗಾರರು ಕಳ್ಳನನ್ನು ಬಿಟ್ಟು ಮನೆಯವರನ್ನೇ ಹಿಡಿದು ಬಡಿಯುವ ಕಾಯಿಲೆ. ಇವತ್ತು ಬೆರಳು, ನಾಳೆ ಮಂಡಿ, ಆಮೇಲೆ ಯಾರು ಸಿಕ್ಕರೆ ಅವರು. ಬಿಸಿಲು ಬಿದ್ದರೆ ಮೂಗಿನ ಎರಡೂ ಕಡೆ ಕೆನ್ನೆ ಕೆಂಪೇರುತ್ತಿತ್ತು. ಅದು ಚಿಟ್ಟೆಯ ಆಕಾರ ಎಂದು ಡಾಕ್ಟರು ಹೇಳಿದ್ದರು. ಇಸ್ತ್ರಿಪೆಟ್ಟಿಗೆ ಮರೆತು ಇಟ್ಟಹಾಗಿದೆ ಎಂದು ಅತ್ತೆ ಹೇಳಿದ್ದರು. ಒಂಬತ್ತು ವರ್ಷದಲ್ಲಿ ಅವಳ ಚರ್ಮ ಎಷ್ಟು ಸೂಕ್ಷ್ಮವಾಯಿತೆಂದರೆ, ಹೊರಗೆ ಮೋಡ ಸರಿದದ್ದನ್ನು ಒಳಗೆ ಕೂತೇ ಹೇಳುತ್ತಿದ್ದಳು. ಪಕ್ಕದ ಅಂಗಡಿಯಲ್ಲಿ ಯಾರಾದರೂ ಬಲ್ಬು ಬದಲಾಯಿಸಿದರೆ, "ಎಷ್ಟು ವ್ಯಾಟಿನದು ಹಾಕಿದ್ರು?" ಎಂದು ಗೋಡೆಯ ಈಚೆಯಿಂದ ಕೇಳುತ್ತಿದ್ದಳು ಎಂದು ಗಂಡ ಎಲ್ಲರಿಗೂ ಹೇಳುತ್ತಿದ್ದ. ಅರವತ್ತರದು ಎಂದು ಆಚೆಯಿಂದ ಉತ್ತರ ಬರುತ್ತಿತ್ತಂತೆ.

ಮಗು ಬೇಕೆಂದು ಆ ಮನೆಯಲ್ಲಿ ಯಾರೂ ಅವಳನ್ನು ಕಾಡಿರಲಿಲ್ಲ. ಕಾಡಿದ್ದರೆ ಹಟಕ್ಕಾದರೂ ಬೇಡ ಎಂದುಬಿಡುತ್ತಿದ್ದಳೇನೋ. ಬೇಕಾಗಿದ್ದದ್ದು ಅವಳಿಗೇ, ಮತ್ತೆ ಮೂವತ್ತಾರನೆಯ ವಯಸ್ಸಿಗೆ ಅದು ಬಾಯಿಬಿಟ್ಟು ಹೇಳಲಾರದಷ್ಟು ಬೇಕಾಗಿತ್ತು.

"ಲೂಪಸ್ ಆರು ತಿಂಗಳು ಸುಮ್ನಿರ್ಬೇಕು," ಎಂದಿದ್ದರು ಆಸ್ಪತ್ರೆಯ ಡಾಕ್ಟರು. ಎತ್ತರದ ಹೆಂಗಸು, ನಗುವುದನ್ನು ನಿವೃತ್ತಿಯ ನಂತರಕ್ಕೆ ಎತ್ತಿಟ್ಟವರ ಹಾಗಿದ್ದರು. "ಮೂತ್ರದಲ್ಲಿ ಪ್ರೋಟೀನ್ ಬರ್ಬಾರ್ದು, ಬಿಪಿ ಏರ್ಬಾರ್ದು, ಕೀಲು ಊದ್ಬಾರ್ದು. ಅದು ಆರು ತಿಂಗಳು ಸುಮ್ನಿದ್ರೆ, ಆಮೇಲೆ ನೀವು ಗಂಡ ಹೆಂಡ್ತಿ ಸುಮ್ನಿರೋದು ಬೇಡ."

ಈ ಆರು ತಿಂಗಳ ಲೆಕ್ಕವನ್ನು ಅವಳು ಈ ಮೊದಲು ಎರಡು ಸಲ ಹಿಡಿದಿದ್ದಳು. ಮೊದಲನೆಯದು ಮೂರನೇ ತಿಂಗಳಲ್ಲಿ ಮಂಡಿಗೆ ಬಂದು ನಿಂತಿತು. ಎರಡನೆಯದು ನಾಲ್ಕನೇ ತಿಂಗಳಲ್ಲಿ ಎದೆಯಲ್ಲಿ ನೀರಾಗಿ ಮುಗಿಯಿತು. ಇದು ಮೂರನೆಯದು. ಮೊದಲ ದಿನವೇ ಡಾಕ್ಟರು ಹಳೆಯ ಕ್ಯಾಪ್ಸೂಲು ಬರೆದಿದ್ದ ಚೀಟಿಯ ಮೇಲೆ ಉದ್ದಕ್ಕೆ ಗೀಟು ಎಳೆದರು.

"ಇದು ಮೈಯಲ್ಲಿದ್ದಾಗ ಬಸುರಾದ್ರೆ ಮಗುವಿನ ಕಿವಿ, ತುಟಿ, ಹೃದಯ ಯಾವ್ದೂ ನೆಟ್ಟಗಾಗಲ್ಲ. ಇದರ ಬದ್ಲು ಹಳದಿ ಗುಳಿಗೆ ಕೊಡ್ತೀನಿ, ಅದರಿಂದ ತೊಂದ್ರೆ ಇಲ್ಲ. ಉಳಿದದ್ದೆಲ್ಲ ಹಾಗೇ ಇರ್ಲಿ."

ಉಳಿದದ್ದೆಲ್ಲ ಹಾಗೇ ಇರ್ಲಿ ಎಂದು ಹೇಳುವಾಗ ಡಾಕ್ಟರು ಮುಂದಿನ ಹೆಸರು ಕರೆಯಲು ಗಂಟೆ ಒತ್ತಿದ್ದರು. ಸೊಸೆಗೆ ಅದು ಕೇಳಿಸಿತು. ಆದರೆ ಕಿವಿ, ತುಟಿ, ಹೃದಯ ಅವಳ ತಲೆತುಂಬ ಆಗಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದವು.

ಮನೆಗೆ ಬಂದು ಹೇಳಿದಳು. ಅತ್ತೆ ಕಿವಿಯ ವಿಷಯ ಬಂದಾಗ ಸ್ಕ್ರೂಡ್ರೈವರ್ ಕೆಳಗಿಟ್ಟರು. ಮೂರನೆಯ ದಿನ ಮೇಜಿನ ಮೇಲೆ, ಬಿಚ್ಚಿದ ಭಾಗಗಳನ್ನು ಸಾಲಾಗಿ ಇಡುತ್ತಿದ್ದ ಹಸಿರು ಬಟ್ಟೆ ಹಾಸಿ, "ನಿನ್ನ ಗುಳಿಗೆ ಎಲ್ಲ ತಗೊಂಡು ಬಾ," ಎಂದರು.

ಮೂರು ಗುಳಿಗೆಗಳು ಸಾಲಾಗಿ ಕೂತವು.

"ಈ ಹಳದಿದು?"

"ಹೊಸದು ಅತ್ತೆ. ಮೊನ್ನೆ ಕೊಟ್ರಲ್ಲ."

"ಅದನ್ನ ಮುಟ್ಟೋದು ಬೇಡ. ಈ ಚೂರು?"

"ಸ್ಟಿರಾಯ್ಡು. ಅದು ಒಂದು ದಿನ ತಪ್ಪಿದ್ರೆ ಮಾರನೇ ದಿನ ಕತ್ತರಿ ಹಿಡಿಯೋಕಾಗಲ್ಲ."

"ಗೊತ್ತು, ನೋಡಿದೀನಿ. ಈ ಬಿಳೀದು?"

ಸೊಸೆ ಬಿಳಿಯದನ್ನು ನೋಡಿದಳು. ಒಂಬತ್ತು ವರ್ಷದಿಂದ ನುಂಗುತ್ತಿದ್ದಳು. ಬಾಯಲ್ಲಿ ಒಂದು ಕ್ಷಣ ನಿಂತರೆ ಸಾಕು, ಸಂಜೆಯವರೆಗೆ ಕಹಿ. ವರ್ಷಕ್ಕೊಮ್ಮೆ ಇದರ ದೆಸೆಯಿಂದ ಕಣ್ಣಿನ ಪರೀಕ್ಷೆಗೆ ಹೋಗಬೇಕಿತ್ತು. ಅದು ಏನಾದರೂ ಮಾಡಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಇದು ಏನ್ ಮಾಡತ್ತೋ ಗೊತ್ತಿಲ್ಲ."

"ಏನೂ ಮಾಡದೇ ಒಂಬತ್ತು ವರ್ಷ ಕೂತಿದ್ಯಾ ಇದು?" ಅತ್ತೆ ಡಬ್ಬಿಯೊಳಗಿನ ಕಾಗದ ಬಿಡಿಸಿದರು. ಬಿಡಿಸುತ್ತ ಹೋದಂತೆ ಅದು ಮೇಜು ದಾಟಿ, ಮೊಣಕಾಲು ದಾಟಿ, ನೆಲ ಮುಟ್ಟಿತು. ಅಕ್ಷರಗಳು ಇರುವೆ ಮೊಟ್ಟೆಗಿಂತ ಸಣ್ಣವು. ಸೂಜಿಕಣ್ಣು ನೋಡುವ ಭೂತಗನ್ನಡಿ ಹಿಡಿದು ಅತ್ತೆ ಮುಕ್ಕಾಲು ಗಂಟೆ ಓದಿದರು. "ಇಲ್ನೋಡು. ಬಸುರಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು."

"ಎಲ್ಲದರ ಮೇಲೂ ಹಾಗೇ ಬರೆದಿರ್ತಾರೆ ಅತ್ತೆ."

"ಕ್ಯಾಪ್ಸೂಲಿನ ಕಾಗದದಲ್ಲೂ ಬರೆದಿತ್ತು. ಅದು ಸುಳ್ಳಾಯ್ತಾ?"

ನಿಜ ಹೇಳಬೇಕೆಂದರೆ, ಹುಟ್ಟದ ಮಗುವಿನ ಬಾಯಿಗೆ ಒಂದು ಕಹಿ ಕಡಿಮೆಯಾದರೆ ಆಗಲಿ ಎಂಬ ಆಸೆ ಅತ್ತೆಗಿಂತ ಸೊಸೆಗೇ ಹೆಚ್ಚಿತ್ತು.

"ಡಾಕ್ಟ್ರನ್ನ ಕೇಳ್ಲಾ?"

"ಕೇಳು. ಆದ್ರೆ ಡಾಕ್ಟ್ರು ಬರೆದದ್ದನ್ನ ತಾವೇ ಬೇಡ ಅಂತಾರಾ? ಮಿಷನ್ ಕಂಪನಿಯವ್ರನ್ನ ಕೇಳಿದ್ರೆ ಎಲ್ಲಾ ಸ್ಕ್ರೂನೂ ಬೇಕು ಅಂತಾನೇ ಅನ್ನೋದು." ಅತ್ತೆ ಬಿಳಿಯದನ್ನು ಬೆರಳ ತುದಿಯಿಂದ ಸಾಲಿನಾಚೆ ಸರಿಸಿದರು. "ತೆಗೆದು ನೋಡೋಣ. ಕೆಟ್ರೆ ಅದೇ ದಿನ ಮತ್ತೆ ಹಾಕೋದು. ನಾನೇನು ನಿನ್ನ ಸಾಯಿಸ್ತೀನಾ?"

ಒಂದು ವಾರ ಕಳೆದ ಮೇಲೆ ಅತ್ತೆ ಹತ್ತು ಮೊಳ ಬಟ್ಟೆ ಮುಂದಿಟ್ಟರು. ಸೊಸೆ ಹೊಲಿದಳು. ಹೊಲಿಗೆ ದಾರ ಹಿಡಿದು ಎಳೆದಷ್ಟು ನೆಟ್ಟಗಿತ್ತು. ಬೆರಳು ನೋಯಲಿಲ್ಲ. ಎರಡನೇ ವಾರವೂ ಅಷ್ಟೆ. ತಿಂಗಳು ತುಂಬಿದಾಗ ಆಸ್ಪತ್ರೆಯ ಮೂತ್ರ ಪರೀಕ್ಷೆಯಲ್ಲೂ ಏನೂ ಬರಲಿಲ್ಲ.

"ಔಷಧಿ ಎಲ್ಲ ತಗೋತಿದೀರಲ್ಲ?" ಡಾಕ್ಟರು ಕಾಗದದಿಂದ ಕಣ್ಣೆತ್ತದೆ ಕೇಳಿದರು.

ಅವಳು ತಲೆಯಾಡಿಸಿದಳು. ಬಾಯಿ ಬಿಟ್ಟು ಸುಳ್ಳು ಹೇಳಿದಹಾಗಾಗಲಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಎರಡನೇ ತಿಂಗಳೂ ಶುದ್ಧ. ಮೂರನೆಯದು ಶುದ್ಧ, ಮಂಡಿ ಗಡಿ ದಾಟಿತು. ನಾಲ್ಕನೆಯದೂ ಶುದ್ಧ, ಎದೆ ಗಡಿಯೂ ದಾಟಿತು. ಗುಳಿಗೆ ಬಿಟ್ಟ ಮೇಲೆ ಬಾಯಿಯ ಕಹಿ ಹೋಗಿತ್ತು, ಮುಖಕ್ಕೆ ಕಳೆ ಬಂದಿತ್ತು. ಕಾಯಿಲೆಗೇ ತನ್ನ ಕೆಲಸ ಮರೆತುಹೋದಂತಿತ್ತು. ಗಂಡನಿಗೆ ಈ ಗುಳಿಗೆಯ ವಿಚಾರ ಯಾರೂ ಹೇಳಿರಲಿಲ್ಲ. ಅವನು ತನ್ನ ಸಂತೋಷವನ್ನು ಬೇರೆ ದಾರಿಯಲ್ಲಿ ಓಡಿಸುತ್ತಿದ್ದ. ವ್ಯಾನನ್ನು ಹಳ್ಳ ತಪ್ಪಿಸಿ, ಉಬ್ಬು ಬಂದಲ್ಲಿ ಆಮೆಯ ಹಾಗೆ ಹತ್ತಿಸಿ ಇಳಿಸಿ ಓಡಿಸತೊಡಗಿದ. ಕಾಲು ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯುತ್ತಿತ್ತು. ಒಂದು ಸಲ ಶವಯಾತ್ರೆಯೊಂದು ಅವನನ್ನು ಹಿಂದೆ ಹಾಕಿ ಹೋಯಿತಂತೆ, ಅದರಲ್ಲಿದ್ದವರು ಹಾರ್ನ್ ಹೊಡೆದರಂತೆ.

"ನಾನು ವ್ಯಾನಲ್ಲಿ ಇರೋದೇ ಇಲ್ವಲ್ರೀ," ಎಂದಳು ಅವಳು.

"ಕೈಗೆ ರೂಢಿ ಆಗ್ಲಿ ಅಂತ ಕಣೇ. ಆಮೇಲೆ ಕಲಿಯೋಕೆ ಟೈಮ್ ಎಲ್ಲಿರತ್ತೆ?"

ಐದನೇ ತಿಂಗಳ ಪರೀಕ್ಷೆ ನೋಡಿ ಡಾಕ್ಟರು ಹೆರಿಗೆ ಡಾಕ್ಟರಿಗೆ ಒಂದು ಚೀಟಿ ಬರೆದರು. ಮುಂದಿನ ತಿಂಗಳ ಇಪ್ಪತ್ತನೆಯ ತಾರೀಖು, ಹನ್ನೊಂದು ಗಂಟೆ. ಸೊಸೆ ಆ ಚೀಟಿಯನ್ನು ಎಲ್ಲಿಟ್ಟರೂ ಸರಿಹೋಗದೆ, ದಿನಕ್ಕೆ ಮೂರು ಜಾಗ ಬದಲಾಯಿಸಿದಳು.

ಇಪ್ಪತ್ತಕ್ಕೆ ಇನ್ನು ಹನ್ನೊಂದು ದಿನ ಇರುವಾಗ ಮೂತ್ರದಲ್ಲಿ ನೊರೆ ಬಂತು. ಸೋಪಿನ ನೊರೆಯಿರಬೇಕು ಎಂದುಕೊಂಡು ಬಕೆಟ್ಟು ನೀರು ಸುರಿದಳು. ಮಾರನೆಯ ದಿನವೂ ಸುರಿದಳು. ಮೂರನೆಯ ದಿನ ಚಪ್ಪಲಿ ಏರಲಿಲ್ಲ. ಅದನ್ನು ಬಿಟ್ಟು ಬರಿಗಾಲಲ್ಲಿ ಬಂದು ಮಿಷನ್ನಿನ ಮುಂದೆ ಕೂತಳು. ಕಬ್ಬಿಣದ ಪೆಡಲಿನ ಅಂಚು ಅವಳ ಪಾದದಲ್ಲಿ ಅಚ್ಚೊತ್ತಿತ್ತು, ಕಾಲೆತ್ತಿದ ಮೇಲೂ ಅಚ್ಚು ಹೋಗಲಿಲ್ಲ. ಅತ್ತೆ ಅದನ್ನು ನೋಡಿದರು. ಬಗ್ಗಿ, ಹೆಬ್ಬೆರಳಿನಿಂದ ಅವಳ ಮೊಣಕಾಲ ಕೆಳಗೆ ಒತ್ತಿ ಬಿಟ್ಟರು. ಒಂದು ಕೋಟಿನ ಗುಂಡಿ ಕೂರುವಷ್ಟು ಗುಳಿ ಬಿತ್ತು. ಇಬ್ಬರೂ ಅದು ತುಂಬಲಿ ಎಂದು ನೋಡುತ್ತ ಕೂತರು. ಅದು ತುಂಬಲಿಲ್ಲ.

"ಎಷ್ಟು ದಿನ ಆಯ್ತೇ?"

"ಮೂರು."

"ಬಿಳೀ ಗುಳಿಗೆ ತಗೊಂಡು ಬಾ," ಎಂದರು ಅತ್ತೆ. ನೀರನ್ನೂ ತಾವೇ ತಂದರು. ಕೆಟ್ಟದ್ದು ಕಂಡ ದಿನವೇ ಮತ್ತೆ ಕೂರಿಸಿದರು, ಮಾತಿಗೆ ತಪ್ಪಲಿಲ್ಲ.

ವಾರ್ಡಿನಲ್ಲಿ ಕಿಡ್ನಿಯ ಚೂರು ತೆಗೆದು ನೋಡಿದ ಮೇಲೆ ಡಾಕ್ಟರು ಮಂಚದ ಪಕ್ಕ ಕುರ್ಚಿ ಎಳೆದು ಕೂತರು. ಅವರು ಕೂತದ್ದನ್ನು ಸೊಸೆ ಅದೇ ಮೊದಲ ಸಲ ನೋಡಿದ್ದು. ನಿಂತು ಹೇಳುವಂಥದ್ದಾಗಿದ್ದರೆ ನಿಂತೇ ಹೇಳುತ್ತಿದ್ದರು ಎಂದು ಅವಳಿಗೆ ಆಗಲೇ ಅರ್ಥವಾಯಿತು.

"ಇಷ್ಟು ಚೆನ್ನಾಗಿದ್ದದ್ದು ಹೀಗ್ಯಾಕಾಯ್ತು? ಯಾವ್ದಾದ್ರೂ ಔಷಧಿ ಬಿಟ್ರಾ?"

ಗಂಡ, "ಒಂದೂ ಬಿಟ್ಟಿಲ್ಲ ಡಾಕ್ಟ್ರೇ, ಟೈಮಿಗೆ ಸರಿಯಾಗಿ—" ಎನ್ನುತ್ತಿದ್ದ.

"ನಾನು ತೆಗೆಸ್ದೆ," ಎಂದರು ಅತ್ತೆ. "ಬಿಳೀದು. ಐದು ತಿಂಗಳ ಮೇಲಾಯ್ತು. ತೆಗೆದ ಮೇಲೂ ಚೆನ್ನಾಗೇ ಓಡ್ತಿತ್ತು. ಪ್ರತಿ ವಾರ ನೋಡ್ತಿದ್ದೆ."

"ನುಂಗದೇ ಇದ್ದದ್ದು ನನ್ನ ಗಂಟ್ಲು ಅತ್ತೆ," ಎಂದಳು ಸೊಸೆ.

ಡಾಕ್ಟರು ಬೈಯುತ್ತಾರೆಂದು ಮೂವರೂ ಕಾದರು. ಅವರು ಬೈಯಲಿಲ್ಲ. "ಅದು ಮೈಯಲ್ಲಿ ತಿಂಗಳುಗಟ್ಲೆ ಉಳ್ಕೊಂಡಿರತ್ತೆ," ಎಂದರು. "ನಿಲ್ಲಿಸಿದ್ರೂ ಇನ್ನೂ ಇದ್ದ ಹಾಗೇ ಇರತ್ತೆ. ನಿಮ್ಮ ವಾರ ವಾರದ ಪರೀಕ್ಷೆ ಏನನ್ನೂ ತೋರಿಸ್ತಿರ್ಲಿಲ್ಲ. ಬಸುರಿಯರಿಗೆ ನಾವು ಯಾವತ್ತೂ ನಿಲ್ಲಿಸದ ಗುಳಿಗೆ ಅದೊಂದೇ. ಅದಿದ್ರೇನೇ ಮಗು ನಿಲ್ಲೋದು."

ಅತ್ತೆ ಯಾವ ಭಾಗ ತೆಗೆದರೆ ಯಾವ ಸದ್ದು ಬರುತ್ತದೆಂದು ನಲವತ್ತು ವರ್ಷ ಕಿವಿಗೊಟ್ಟು ಕಲಿತ ಹೆಂಗಸು. ತೆಗೆದ ಐದು ತಿಂಗಳಿಗೆ ಸದ್ದು ಮಾಡುವ ಮಿಷನ್ನು ಅವರ ಕೈಗೆ ಬಂದಿರಲಿಲ್ಲ.

ಮುಂದಿನದನ್ನು ಡಾಕ್ಟರು ಸೊಸೆಯ ಮುಖ ನೋಡಿಯೇ ಹೇಳಿದರು. ಕಿಡ್ನಿ ಉಳಿಸಬೇಕಾದರೆ ಜೋರು ಔಷಧಿ ಬೇಕು. ತಿಂಗಳಿಗೊಂದು ಬಾಟಲಿ ಡ್ರಿಪ್ಪು, ಆರು ತಿಂಗಳು. ಅದು ಕಿಡ್ನಿಯನ್ನು ಹಿಡಿದು ನಿಲ್ಲಿಸುತ್ತದೆ, ಅಂಡಾಶಯವನ್ನು ಸುಡುತ್ತದೆ. ಅವಳ ವಯಸ್ಸಿಗೆ ಸುಡದೆ ಉಳಿಯುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ.

"ಮೊಟ್ಟೆ ತೆಗೆದು ಫ್ರಿಜ್ಜಲ್ಲಿ ಇಡ್ತಾರಂತಲ್ಲ?" ಗಂಡ ಕೇಳಿದ. ಅವನು ಎಲ್ಲಿಂದ ಕೇಳಿಕೊಂಡು ಬಂದಿದ್ದನೋ.

"ಅದಕ್ಕೆ ಎರಡು ವಾರ ಹಾರ್ಮೋನ್ ಇಂಜೆಕ್ಷನ್ ಕೊಡ್ಬೇಕು. ಈ ಸ್ಥಿತಿಯಲ್ಲಿ ಕೊಟ್ರೆ ರಕ್ತ ಹೆಪ್ಪುಗಟ್ಟತ್ತೆ. ಕೊಡದೇ ಎರಡು ವಾರ ಕಾಯೋಣ ಅಂದ್ರೆ ಕಿಡ್ನಿ ಕಾಯಲ್ಲ."

"ಹಳೇ ಕ್ಯಾಪ್ಸೂಲು?"

"ಇಷ್ಟು ಬೇಗ ಹೋಗ್ತಿರೋ ಕಿಡ್ನೀಗೆ ನಾನು ಅದನ್ನ ನಂಬಲ್ಲ."

ಸಹಿ ಹಾಕುವ ಕಾಗದ ಬಂತು. ಸಂತಾನಶಕ್ತಿ ನಾಶವಾಗಬಹುದೆಂದು ನನಗೆ ತಿಳಿಸಲಾಗಿದೆ ಎಂದು ಅದರಲ್ಲಿ ಅಚ್ಚಾಗಿತ್ತು, ಕೆಳಗೆ ಚುಕ್ಕಿ ಚುಕ್ಕಿ ಗೆರೆ. ಸೊಸೆಯ ಬೆರಳುಗಳು ಅಷ್ಟು ಹೊತ್ತಿಗೆ ಊದಿಕೊಂಡು ಪೆನ್ನು ಹಿಡಿಯುವಂತಿರಲಿಲ್ಲ. ಗಂಡ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಹೆಸರು ಬರೆಸಿದ. ಚುಕ್ಕಿಗಳ ಮೇಲೆಯೇ, ಒಂದನ್ನೂ ಬಿಡದೆ, ಬಹಳ ನಿಧಾನವಾಗಿ ಬರೆಸಿದ.

ಮನೆಗೆ ಬಂದ ಮೇಲೆ ಅತ್ತೆಯ ಕೆಲಸ ಕೆಟ್ಟಿತು. ಒಂದೂ ಸ್ಕ್ರೂ ಉಳಿಯದಂತೆ ರಿಪೇರಿ ಮಾಡತೊಡಗಿದರು. ಬಂದ ಮಿಷನ್ನಿಗೆ ಇದ್ದದ್ದನ್ನೆಲ್ಲ ಕೂರಿಸಿ, ಸಾಲದೆಂದು ಹಿಂದೆ ತೆಗೆದಿಟ್ಟಿದ್ದನ್ನೂ ಹುಡುಕಿ ಹುಡುಕಿ ತುರುಕಿ ಕಳಿಸಿದರು. ಕೋಟು ದರ್ಜಿಗೆ ಅವನ ಹನ್ನೊಂದು ಭಾಗಗಳೂ ವಾಪಸ್ ಬಂದವು. ಅವನ ಮಿಷನ್ನು ಮೂರು ದಿನ ಕೆಮ್ಮಿ, ನಾಲ್ಕನೆಯ ದಿನ ನಿಂತುಹೋಯಿತು.

"ಅಮ್ಮಾ, ಮೊದಲಿನ ಹಾಗೇ ಮಾಡಿಕೊಡ್ರಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದ ಅವನು.

"ಕಂಪನಿಯವ್ರು ಹಾಕಿದ್ದೆಲ್ಲ ಇದೆ. ಅದಕ್ಕಿಂತ ಹೆಚ್ಚು ನಂಗೊತ್ತಿಲ್ಲ," ಎಂದರು ಅತ್ತೆ.

ಡ್ರಿಪ್ಪಿಗೆ ಪ್ರತಿ ತಿಂಗಳೂ ಅತ್ತೆಯೇ ಜೊತೆಗೆ ಹೋಗುತ್ತಿದ್ದರು. ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು. ಬಾಟಲಿ ಏರಿಸುವ ಮೊದಲು ಹೆಂಗಸರಿಗೆಲ್ಲ ಬಸುರಿನ ಪರೀಕ್ಷೆ ಆಗಬೇಕು, ಬಸುರಿದ್ದರೆ ಆ ಔಷಧಿ ಮಗುವನ್ನು ಹಾಳುಮಾಡುತ್ತದೆ. ಮೂತ್ರದ ಡಬ್ಬಿಯನ್ನು ಲ್ಯಾಬಿನ ಕಿಟಕಿಯಲ್ಲಿ ಕೊಟ್ಟರೆ ಹತ್ತು ನಿಮಿಷಕ್ಕೆ ಅಲ್ಲಿದ್ದ ಹೆಂಗಸು ತಲೆ ಹೊರಗೆ ಹಾಕಿ, "ಒಳ್ಳೇ ಸುದ್ದಿ. ನೆಗೆಟಿವ್," ಎನ್ನುತ್ತಿದ್ದಳು. ಒಳ್ಳೆಯ ಹೆಂಗಸು, ದಿನವಿಡೀ ಜನರಿಗೆ ಕೆಟ್ಟದ್ದೇ ಹೇಳಿ ಸಾಕಾಗಿ, ಇದೊಂದನ್ನಾದರೂ ಬಾಯ್ತುಂಬ ಹೇಳುತ್ತಿದ್ದಳು. ನಾಲ್ಕು ತಿಂಗಳು ನಾಲ್ಕು ಸಲ ಹೇಳಿದಳು.

ಐದನೇ ತಿಂಗಳು ಅವಳು ತಲೆ ಹೊರಗೆ ಹಾಕಿದಳು, ಒಳ್ಳೇ ಸುದ್ದಿ ಎನ್ನಲಿಲ್ಲ.

"ಮುಟ್ಟಾಗಿ ಎಷ್ಟು ದಿನ ಆಯ್ತು?"

"ಐವತ್ತೆರಡು."

"ಈ ಪಟ್ಟಿಯಲ್ಲಿ ಎರಡನೇ ಗೆರೆ ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ. ರಕ್ತ ಕೊಡಿ, ಖಾತ್ರಿ ಮಾಡೋಣ. ನಲವತ್ತು ನಿಮಿಷ ಕೂತಿರಿ. ಡ್ರಿಪ್ ಈಗ ಬೇಡ."

ರಕ್ತ ಕೊಟ್ಟು ಇಬ್ಬರೂ ಗೋಡೆಗೆ ಅಂಟಿದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತರು. ಎದುರಿಗೆ ಕಿಡ್ನಿಯ ಚಿತ್ರ. ಎಡಕ್ಕೆ ನೀರಿನ ಕ್ಯಾನು, ಅದಕ್ಕೆ ಸರಪಳಿ ಕಟ್ಟಿದ ಲೋಟ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಮೆಲ್ಲಗೆ ಕೇಳಿದರು, "ಆಗಿದ್ರೆ ತೆಗೀಬೇಕು ಅಂದಿದ್ರಲ್ವಾ?"

"ಹೂಂ."

"ಔಷಧಿ ಆಗ್ಲೇ ಹೋಗಿರತ್ತೆ ಅಂತ."

"ನಾಲ್ಕು ಬಾಟ್ಲಿ ಹೋಗಿದೆ ಅತ್ತೆ."

"ಎಷ್ಟು ಹೊತ್ತು ಅಂದ್ಲು?"

"ನಲವತ್ತು ನಿಮಿಷ."

ಅತ್ತೆ ಸೊಸೆಯ ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು. ಭಾರವೇನೂ ಇರಲಿಲ್ಲ, ಒಂದು ಸ್ವೆಟರು, ಒಂದು ನೀರಿನ ಬಾಟಲಿ. ಸೊಸೆ ಬೇಡವೆನ್ನಲಿಲ್ಲ. ಬೆನ್ನಿಗೆ ಕುರ್ಚಿ ತಾಗುವಂತೆ ಹಿಂದೆ ಸರಿದು ಕೂತಳು. ಒಬ್ಬ ಮುದುಕ ಕೆಮ್ಮುತ್ತ ಪಕ್ಕಕ್ಕೆ ಬಂದಾಗ ಅತ್ತೆ, "ಆ ಕಡೆ ಕೂತ್ಕೊಳ್ಳಿ ಸ್ವಾಮಿ, ಇಲ್ಲಿ ಗಾಳಿ ಬರ್ಲಿ," ಎಂದು ಎಬ್ಬಿಸಿ ಕಳಿಸಿದರು. ಆ ಕಾರಿಡಾರಿನಲ್ಲಿ ಗಾಳಿ ಬರುವ ಯಾವ ದಾರಿಯೂ ಇರಲಿಲ್ಲ. ಸೊಸೆ ಬೆರಳು ಮಡಿಸಿ ತಿಂಗಳು ಎಣಿಸತೊಡಗಿದಳು. ಏಳನೆಯ ಬೆರಳಿಗೆ ಬರುವಷ್ಟರಲ್ಲಿ ಅತ್ತೆ ನೋಡುತ್ತಿರುವುದು ಕಂಡು ನಿಲ್ಲಿಸಿದಳು. ಅತ್ತೆ ಮುಖ ತಿರುಗಿಸಿಕೊಂಡು ಕಿಡ್ನಿಯ ಚಿತ್ರ ನೋಡಿದರು. ಅವಳು ಎಂಟು, ಒಂಬತ್ತು ಎಣಿಸಿ ಮುಗಿಸಿದಳು.

ನಲವತ್ತು ನಿಮಿಷ ಎಂದದ್ದು ಐವತ್ತಾಯಿತು. ಆ ಹತ್ತು ನಿಮಿಷ ಹೆಚ್ಚಾದದ್ದಕ್ಕೆ ಇಬ್ಬರಲ್ಲಿ ಯಾರೂ ಎದ್ದು ಹೋಗಿ ವಿಚಾರಿಸಲಿಲ್ಲ.

"ನೆಗೆಟಿವ್," ಎಂದಳು ಕಿಟಕಿಯ ಹೆಂಗಸು. ಬಿಟ್ಟಿದ್ದನ್ನು ನೆನಪು ಮಾಡಿಕೊಂಡು ಸೇರಿಸಿದಳು, "ಒಳ್ಳೇ ಸುದ್ದಿ. ಏನೂ ಇಲ್ಲ."

ಡಾಕ್ಟರು ಇನ್ನೊಂದು ಹಾರ್ಮೋನಿನ ಪರೀಕ್ಷೆಯನ್ನೂ ಮಾಡಿಸಿದ್ದರು. ಅದರ ಕಾಗದ ನೋಡಿ, ನಿಂತುಕೊಂಡೇ ಹೇಳಿದರು. "ಮುಟ್ಟು ನಿಂತಿದ್ದು ಔಷಧಿಯಿಂದ. ಅಂಡಾಶಯ ಹೋದ ಹಾಗೇ. ಕಿಡ್ನಿ ಮಾತ್ರ ಚೆನ್ನಾಗಿದೆ. ಪ್ರೋಟೀನ್ ಇಳಿದಿದೆ, ಬಿಪಿ ಸರಿಯಾಗಿದೆ. ಲೂಪಸ್ ಸುಮ್ಮನಾಗಿದೆ."

"ಮುಟ್ಟು ವಾಪಸ್ ಬರತ್ತಾ?"

"ಕೆಲವ್ರಿಗೆ ಬರತ್ತೆ. ಮೂವತ್ತರ ಒಳಗಿನವ್ರಿಗೆ." ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ನೀವು ಅದಕ್ಕೆ ಕಾಯ್ಬೇಡಿ."

ಡ್ರಿಪ್ಪು ಮುಗಿಯುವಾಗ ಸಂಜೆ ನಾಲ್ಕು. ಗಂಡನ ಫೋನು ಬಂತು. ಏನಂತೆ ಎಂದ. ಏನೂ ಇಲ್ಲಂತೆ ಎಂದಳು. ಸದ್ಯ ಎಂದ ಅವನು, ಹೊರಗೆ ವ್ಯಾನು ನಿಲ್ಲಿಸಿಕೊಂಡಿದ್ದೇನೆ ಎಂದ.

ಹೊರಡುವಾಗ ಲ್ಯಾಬಿನ ಹೆಂಗಸು ಕಿಟಕಿಯಿಂದ ಕರೆದಳು. "ಮುಂದಿನ ತಿಂಗಳ ಡಬ್ಬಿ ಈಗ್ಲೇ ತಗೊಂಡ್ಹೋಗಿ. ಮನೆಯಿಂದ್ಲೇ ತುಂಬಿಸಿಕೊಂಡು ಬಂದ್ರೆ ಸಾಲಲ್ಲಿ ನಿಲ್ಲೋದು ತಪ್ಪತ್ತೆ."

"ಇನ್ನೂ ಪರೀಕ್ಷೆ ಬೇಕಾ?" ಸೊಸೆ ಕೇಳಿದಳು. "ಡಾಕ್ಟ್ರು ಹೇಳಿದ್ರು, ಇನ್ನಾಗಲ್ಲ ಅಂತ."

"ರೂಲ್ಸು ಕಣಮ್ಮ. ಈ ಔಷಧಿಗೆ ಹೆಂಗಸ್ರಿಗೆ ಐವತ್ತರವರೆಗೂ ಮಾಡ್ಲೇಬೇಕು."

ಸೊಸೆಯ ಕೈಗೆ ಹತ್ತಿ ಒತ್ತಿ ಪಟ್ಟಿ ಹಚ್ಚಿದ್ದರು, ಮಡಚಿಟ್ಟುಕೊಂಡಿದ್ದಳು. ಡಬ್ಬಿಯನ್ನು ಅತ್ತೆಯೇ ತೆಗೆದುಕೊಂಡರು. ಮುಚ್ಚಳ ಬಿಚ್ಚಿ, ಮತ್ತೆ ಹಾಕಿ, ಸೋರುವುದಿಲ್ಲ ತಾನೇ ಎಂದು ಎರಡು ಸಲ ತಿರುವಿ ನೋಡಿ, ಸ್ವೆಟರಿನ ಪಕ್ಕದಲ್ಲಿ ಇಟ್ಟುಕೊಂಡರು.